ಹತ್ತಿರ ಕುಳಿತು ನೋಡುವವನು: ‘ನಾನು ನಾನಾಗಿಲ್ಲ’ ಎನಿಸಿದಾಗ ಮರಳಿ ಬರುವ ದಾರಿ

1994ರ ಮಾರ್ಚ್ ತಿಂಗಳು. ಮೈಸೂರಿನ ಹಾಸ್ಟೆಲೊಂದರ ಊಟದ ಮನೆಯಲ್ಲಿ ಸಾಲಿನಲ್ಲಿ ನಿಂತು ಸಾರು ಹಾಕಿಸಿಕೊಳ್ಳುತ್ತಿದ್ದಾಗ, ತಟ್ಟೆ ಹಿಡಿದಿದ್ದ ಕೈ ನನ್ನದಲ್ಲ ಎನಿಸಿತು. ಕೈ ಮರಗಟ್ಟಿರಲಿಲ್ಲ, ನೋವೂ ಇರಲಿಲ್ಲ. ತಟ್ಟೆಯ ಬಿಸಿ ತಿಳಿಯುತ್ತಿತ್ತು, ಆದರೆ ಅದು ಬೇರೆ ಯಾರಿಗೋ ತಿಳಿಯುತ್ತಿರುವಂತೆ ಇತ್ತು. ತಲೆಯೆತ್ತಿ ನೋಡಿದರೆ ಟ್ಯೂಬ್‌ಲೈಟು, ಸ್ಟೀಲಿನ ಬಕೆಟ್ಟು, ಹುಡುಗರ ಗದ್ದಲ ಎಲ್ಲವೂ ಇದ್ದಲ್ಲೇ ಇದ್ದವು. ನನಗೂ ಅವಕ್ಕೂ ನಡುವೆ ತೆಳುವಾದ ಗಾಜೊಂದು ಬಂದು ನಿಂತಿತ್ತು. ಗೆಳೆಯ ಏನೋ ಕೇಳಿದ, ನಾನು ಉತ್ತರ ಕೊಟ್ಟೆ. ಆ ಉತ್ತರವನ್ನು ಅವನು ಕೇಳಿಸಿಕೊಂಡಂತೆಯೇ ನಾನೂ ಹೊರಗಿನಿಂದ ಕೇಳಿಸಿಕೊಂಡೆ.

ಪರೀಕ್ಷೆಯ ಕಾಲ ಅದು. ಮೂರು ರಾತ್ರಿ ಸರಿಯಾಗಿ ಮಲಗಿರಲಿಲ್ಲ, ಹೊಟ್ಟೆಯಲ್ಲಿ ಅನ್ನಕ್ಕಿಂತ ಕಾಫಿಯೇ ಹೆಚ್ಚಿತ್ತು. ನಿದ್ದೆ ಮಾಡಿದರೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ, ಹತ್ತು ತಿಂಗಳು ಉಳಿಯಿತು.

ಆ ಹತ್ತು ತಿಂಗಳಲ್ಲಿ ನನಗೆ ಮೂರು ವಿವರಣೆಗಳು ಸಿಕ್ಕವು. ಊರಿನಲ್ಲಿ ಅಮ್ಮ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಒಬ್ಬ ವೈದ್ಯರು ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು. ಪಕ್ಕದ ಕೋಣೆಯಲ್ಲಿದ್ದ, ಒಂದಿಷ್ಟು ವೇದಾಂತ ಓದಿಕೊಂಡಿದ್ದ ಹಿರಿಯ ವಿದ್ಯಾರ್ಥಿಯೊಬ್ಬ ಮಾತ್ರ ನನ್ನನ್ನು ಅಸೂಯೆಯಿಂದ ನೋಡಿ, “ನಿನಗೆ ಸಾಕ್ಷಿಭಾವ, ಯಾವುದಕ್ಕೂ ಅಂಟದೆ ನೋಡುವ ಸ್ಥಿತಿ, ತಾನಾಗಿ ಒದಗಿದೆ, ಬಿಡಬೇಡ, ಇನ್ನೂ ಒಳಗೆ ಹೋಗು” ಎಂದ. ತಾಯತದಿಂದ ನಷ್ಟವೇನೂ ಆಗಲಿಲ್ಲ, ಟಾನಿಕ್ ಸಿಹಿಯಾಗಿತ್ತು. ನನ್ನನ್ನು ಹಾಳು ಮಾಡಿದ್ದು ಮೂರನೆಯ ಸಲಹೆ.

ನಾನು ವೈದ್ಯನಲ್ಲ, ಗುರುವೂ ಅಲ್ಲ. ಹೋಗಿ ಬಂದವನು, ಬಂದ ಮೇಲೆ ಇದರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದವನು. ಈಗ ಈ ಸ್ಥಿತಿಯಲ್ಲಿ ಇರುವವರಿಗೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂದು ಹೇಳುವುದಷ್ಟೇ ನನ್ನ ಕೆಲಸ. ಇಲ್ಲಿ ಕ್ರಮ ಮುಖ್ಯ. ನಾನು ಅದನ್ನು ತಲೆಕೆಳಗಾಗಿ ಮಾಡಿದ್ದೆ.

ಮೊದಲ ಹೆಜ್ಜೆ: ಹೆಸರು ತಿಳಿದುಕೊಳ್ಳಿ

ತನ್ನಿಂದ ತಾನೇ ದೂರವಾದಂತೆ ಅನಿಸುವುದಕ್ಕೆ ಮನೋವೈದ್ಯರು ಡಿಪರ್ಸನಲೈಸೇಷನ್ ಎನ್ನುತ್ತಾರೆ. ಸುತ್ತಲಿನ ಜಗತ್ತು ನಿಜವಲ್ಲ ಅನಿಸುವುದಕ್ಕೆ ಡೀರಿಯಲೈಸೇಷನ್ ಎಂದು ಹೆಸರು. ಎರಡೂ ಸಾಮಾನ್ಯವಾಗಿ ಜೋಡಿಯಾಗಿ ಬರುವುದರಿಂದ ಈಗಿನ ವೈದ್ಯಕೀಯ ವರ್ಗೀಕರಣಗಳಲ್ಲಿ ಎರಡನ್ನೂ ಒಂದೇ ತೊಂದರೆಯಾಗಿ ಎಣಿಸುತ್ತಾರೆ. ಮೊದಲ ಪದವನ್ನು 1898ರಲ್ಲಿ ಫ್ರೆಂಚ್ ಚಿಂತಕ ಲುಡೊವಿಕ್ ದ್ಯುಗಾ ಬಳಕೆಗೆ ತಂದ. ಅವನಿಗೆ ಅದು ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ; ಜಿನೀವಾದ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಆಮಿಯೆಲ್ 1880ರಲ್ಲಿ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದ ಒಂದು ಸಾಲಿನಲ್ಲಿ. ಅಂದರೆ ಈ ಕಾಯಿಲೆಗೆ ಹೆಸರು ಕೊಟ್ಟವನು ಅದನ್ನು ಅನುಭವಿಸಿದವನೇ. ಅದೇಕೋ ಈ ಸಂಗತಿ ನನಗೆ ಆಗಲೂ ಈಗಲೂ ಸಮಾಧಾನ ಕೊಡುತ್ತದೆ.

ಕನ್ನಡದಲ್ಲಿ ಇದಕ್ಕೆ ರೂಢಿಯಾದ ಪದವಿಲ್ಲ, ಮಾತುಗಳಿವೆ. ನಾನು ನಾನಾಗಿಲ್ಲ. ಎಲ್ಲ ಸಿನಿಮಾ ನೋಡಿದ ಹಾಗೆ. ಮಂಕು ಕವಿದಂತೆ. ಗೊಂಬೆ ನಡೆದ ಹಾಗೆ ನಡೆಯುತ್ತಿದ್ದೇನೆ. ಮಗುವಿನ ಮುಖ ನೋಡಿದರೂ ಒಳಗೆ ಏನೂ ಮಿಡಿಯುವುದಿಲ್ಲ. ಈ ಕೊನೆಯದನ್ನು ಜನ ಬಹಳ ನಾಚಿಕೆಯಿಂದ, ಎಲ್ಲದರ ಕೊನೆಯಲ್ಲಿ ಹೇಳುತ್ತಾರೆ.

ಈ ಮಾತುಗಳಲ್ಲಿ ಮತ್ತೆ ಮತ್ತೆ ಬರುವ ‘ಹಾಗೆ’ ಮತ್ತು ‘ಅಂತೆ’ಗಳನ್ನು ಗಮನಿಸಿ. ಅವು ಬಹಳ ಬೆಲೆಬಾಳುವ ಅಕ್ಷರಗಳು. ‘ಜಗತ್ತು ಸುಳ್ಳಾದ ಹಾಗೆ ಅನಿಸುತ್ತಿದೆ’ ಎನ್ನುವವನಿಗೂ ‘ಜಗತ್ತು ಸುಳ್ಳು, ಇದು ಯಾರೋ ಹೂಡಿದ ಸಂಚು’ ಎನ್ನುವವನಿಗೂ ನಡುವೆ ಇರುವ ಗೆರೆ ಅದೇ. ಹಾಗೆ ಅನಿಸುತ್ತಿದೆ, ಆದರೆ ನಿಜವಾಗಿ ಹಾಗಿಲ್ಲ ಎಂಬ ಅರಿವು ಈ ಸ್ಥಿತಿಯಲ್ಲಿ ಕೆಡುವುದಿಲ್ಲ; ವೈದ್ಯರು ಮೊದಲು ನೋಡುವುದೂ ಅದನ್ನೇ. ‘ಹುಚ್ಚು ಹಿಡಿಯುತ್ತಿದೆಯೇ’ ಎಂದು ನಡುಗುವವರು ನಿಮ್ಮ ಮಾತಿನಲ್ಲಿ ಆ ‘ಹಾಗೆ’ ಇನ್ನೂ ಇದೆಯೇ ನೋಡಿಕೊಳ್ಳಿ. ಇದ್ದರೆ ಆ ಭಯವನ್ನು ಪಕ್ಕಕ್ಕಿಡಬಹುದು.

ಇದು ಅಪರೂಪವೂ ಅಲ್ಲ. ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಇಂಥದ್ದು ಬಂದು ಹೋಗಿರುತ್ತದೆ: ಅಪಘಾತವಾದ ಗಳಿಗೆಯಲ್ಲಿ, ಹೆಣದ ಮುಂದೆ ಕುಳಿತಾಗ, ಜ್ವರದಲ್ಲಿ, ನಿದ್ದೆಗೆಟ್ಟ ಪ್ರಯಾಣದಲ್ಲಿ. ತಿಂಗಳುಗಟ್ಟಲೆ ನಿಂತು ಬದುಕಿಗೆ ಅಡ್ಡಿಯಾಗುವ ತೊಂದರೆ ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಇರುತ್ತದೆ. ಗಂಡು ಹೆಣ್ಣೆಂಬ ಭೇದವಿಲ್ಲ. ಹದಿನಾರರ ಆಸುಪಾಸಿನಲ್ಲಿ ಶುರುವಾಗುವುದೇ ಹೆಚ್ಚು.

ಏಕೆ ಹೀಗಾಗುತ್ತದೆ? ಮನೆಯ ವೈರಿಂಗಿಗೆ ಹೊರೆ ಹೆಚ್ಚಾದಾಗ ಫ್ಯೂಸ್ ಹೋಗುತ್ತದೆ; ಮನೆ ಸುಡುವುದು ತಪ್ಪುತ್ತದೆ, ದೀಪಗಳು ಆರುತ್ತವೆ. ಮನಸ್ಸಿಗೆ ತಡೆಯಲಾರದ ಹೊರೆ ಬಿದ್ದಾಗ ಮಿದುಳಿನ ಮುಂಭಾಗ ಭಾವನೆಗಳ ಕೇಂದ್ರಗಳನ್ನು ಅದುಮಿ ಹಿಡಿಯುತ್ತದೆ ಎಂಬುದು ಈ ಬಗ್ಗೆ ಹೆಚ್ಚು ಒಪ್ಪಿತವಾದ ವಿವರಣೆ. ಕಣ್ಣು ನೋಡುತ್ತದೆ, ಕಿವಿ ಕೇಳುತ್ತದೆ, ಆದರೆ ‘ಇದು ನನ್ನದು’ ಎಂದು ಹೇಳುವ ಬೆಚ್ಚಗಿನ ಭಾವ ಮಾತ್ರ ಜೊತೆಗೆ ಬರುವುದಿಲ್ಲ. ಅಂದರೆ ಇದು ಕಾಪಾಡಲು ಬಂದದ್ದು, ಕೆಲಸ ಮುಗಿದ ಮೇಲೂ ಹೋಗದೆ ಕುಳಿತಿದೆ. ಬಾಲ್ಯದಲ್ಲಿ ಬೈಗುಳ ಅಥವಾ ತಾತ್ಸಾರದಲ್ಲಿ ಬೆಳೆದವರಲ್ಲಿ, ತೀವ್ರ ಆತಂಕ ಇರುವವರಲ್ಲಿ, ಖಿನ್ನತೆಯಲ್ಲಿ ಈ ಫ್ಯೂಸ್ ಬೇಗ ಹೋಗುತ್ತದೆ.

ಎರಡನೆಯ ಹೆಜ್ಜೆ: ದೇಹದ ಕಾರಣಗಳನ್ನು ತಳ್ಳಿಹಾಕಿಸಿಕೊಳ್ಳಿ

ಈ ಹೆಜ್ಜೆ ಬೇಸರದ್ದು, ಆದರೆ ಬಿಡುವಂತಿಲ್ಲ. ಒಬ್ಬ ವೈದ್ಯರ ಬಳಿ ಒಮ್ಮೆ ಹೋಗಿ. ಥೈರಾಯ್ಡ್, ರಕ್ತದ ಸಕ್ಕರೆ, ಬಿ12, ರಕ್ತಹೀನತೆ, ಕಿವಿಯ ಒಳಭಾಗದ ತೊಂದರೆ, ಮೈಗ್ರೇನ್ ಇವುಗಳಲ್ಲಿ ಏನಾದರೂ ಇದೆಯೇ ಎಂದು ಅವರು ನೋಡಲಿ. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನೂ ಹೇಳಿ. ಕೆಲವು ಮಾತ್ರೆಗಳನ್ನು ಶುರು ಮಾಡಿದಾಗ ಅಥವಾ ತಟ್ಟನೆ ಬಿಟ್ಟಾಗಲೂ ಇಂಥ ಅನುಭವ ಬರಬಹುದು.

ಅನುಭವ ಒಂದೆರಡು ನಿಮಿಷವಷ್ಟೇ ಇದ್ದು ಹೋಗುತ್ತಿದ್ದರೆ, ಅದಕ್ಕೆ ಮೊದಲು ಇಲ್ಲದ ವಾಸನೆ ಮೂಗಿಗೆ ಬಂದಂತಾದರೆ, ಆ ಹೊತ್ತಿನಲ್ಲಿ ನೀವು ತುಟಿ ಚಪ್ಪರಿಸುತ್ತಿದ್ದಿರಿ, ಕರೆದರೂ ಓಗೊಡಲಿಲ್ಲ ಎಂದು ಜೊತೆಗಿದ್ದವರು ಹೇಳಿದರೆ ನರರೋಗ ತಜ್ಞರನ್ನು ಕಾಣಿ. ಮೂರ್ಛೆರೋಗದ ಒಂದು ಬಗೆ ಹೀಗೆ ಕಾಣಿಸಿಕೊಳ್ಳುತ್ತದೆ. ನಲವತ್ತು ದಾಟಿದ ಮೇಲೆ ಇದು ಮೊದಲ ಬಾರಿಗೆ ಬಂದರೂ ದೇಹದ ಕಾರಣವನ್ನು ಇನ್ನಷ್ಟು ಹುಡುಕಬೇಕು.

ಮಾತಿನಲ್ಲಿದ್ದ ಆ ‘ಹಾಗೆ’ ಬಿದ್ದುಹೋದರೆ, ಯಾರೂ ಇಲ್ಲದಾಗ ಧ್ವನಿಗಳು ಕೇಳಿಸಿದರೆ, ಏನಾದರೂ ಅನಿಸಲಿ ಎಂದು ಮೈಯನ್ನು ಕೊಯ್ದುಕೊಳ್ಳಬೇಕೆನಿಸಿದರೆ, ಸಾಯುವ ಯೋಚನೆ ಬಂದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು 14416ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. 14416 ಎಂಬುದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಮನೋವೈದ್ಯರನ್ನು ಕಾಣಲು ಬೆಂಗಳೂರಿನ ನಿಮ್ಹಾನ್ಸ್‌ಗೇ ಬರಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವಿರುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ. ಇದಕ್ಕೆಂದೇ ಅಂಗೀಕೃತವಾದ ಮಾತ್ರೆ ಇಲ್ಲ, ಹಾಗಾಗಿ ಯಾರಾದರೂ ‘ಒಂದೇ ಮಾತ್ರೆಯಲ್ಲಿ ವಾಸಿ’ ಎಂದರೆ ನಂಬಬೇಡಿ. ಜೊತೆಗಿರುವ ಆತಂಕಕ್ಕೋ ಖಿನ್ನತೆಗೋ ಔಷಧಿ ಕೊಡುತ್ತಾರೆ. ಹೆಚ್ಚು ಕೆಲಸ ಮಾಡುವುದು ಮಾತಿನ ಚಿಕಿತ್ಸೆ.

ವೈದ್ಯರೆದುರು ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಒಂಥರಾ ಆಗುತ್ತದೆ ಡಾಕ್ಟ್ರೇ’ ಎಂದಷ್ಟೇ ಹೇಳಿದ್ದಕ್ಕೆ ನನಗೆ ಟಾನಿಕ್ ಸಿಕ್ಕಿತು. ತಪ್ಪು ಪೂರ್ತಿ ಅವರದಲ್ಲ.

ಮೂರನೆಯ ಹೆಜ್ಜೆ: ಆ ಗಳಿಗೆಯಲ್ಲಿ ಏನು ಮಾಡಬೇಕು

ಅಲೆ ಎದ್ದಾಗ ಯೋಚನೆಯಿಂದ ಅದನ್ನು ತಡೆಯಲಾಗುವುದಿಲ್ಲ. ಇಂದ್ರಿಯಗಳಿಂದ ಆಗುತ್ತದೆ. ಬರಿಗಾಲಿನಲ್ಲಿ ನೆಲದ ಮೇಲೆ ನಿಂತು ಅಂಗಾಲಿನಿಂದ ನೆಲವನ್ನು ಒತ್ತಿ. ತಣ್ಣೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿ. ಹಸಿಶುಂಠಿಯ ಚೂರನ್ನೋ ಹುಣಸೆಹಣ್ಣನ್ನೋ ಬಾಯಿಗೆ ಹಾಕಿಕೊಳ್ಳಿ. ಬಸ್ಸಿನಲ್ಲಿದ್ದರೆ ಕಿಟಕಿಯಾಚೆಯ ಅಂಗಡಿಗಳ ಹೆಸರನ್ನು ಒಂದೊಂದಾಗಿ ಓದಿ. ಕಾಣುವ ಐದು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು, ವಾಸನೆಯ ಎರಡು, ರುಚಿಯ ಒಂದು ಎಂದು ಎಣಿಸುವ ಕ್ರಮವನ್ನು ಸಮಾಲೋಚಕರು ಕಲಿಸುತ್ತಾರೆ; ಅದೂ ಒಳ್ಳೆಯದೇ. ನನಗೆ ಮಾತ್ರ ಎಣಿಕೆಗಿಂತ ಕೈಕೆಲಸ ಹೆಚ್ಚು ಒಗ್ಗಿತು. ಹೂ ಕಟ್ಟುವುದು, ಸೊಪ್ಪು ಬಿಡಿಸುವುದು, ಸೈಕಲ್ ಚೈನಿಗೆ ಎಣ್ಣೆ ಬಿಡುವುದು: ಬೆರಳಿಗೂ ಕಣ್ಣಿಗೂ ಒಟ್ಟಿಗೆ ಕೆಲಸ ಕೊಡುವಂಥವು.

ಉಸಿರಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಯಾರಿಗೇನಾದರೂ ‘ಪ್ರಾಣಾಯಾಮ ಮಾಡು’ ಎನ್ನುವುದು ವಾಡಿಕೆ. ಕಪಾಲಭಾತಿ, ಭಸ್ತ್ರಿಕೆಯಂಥ ವೇಗದ ಉಸಿರಾಟ ಈ ಸ್ಥಿತಿಯಲ್ಲಿ ಬೇಡ. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರಾಗಿ ಜಗತ್ತು ಮತ್ತಷ್ಟು ದೂರ ಸರಿಯುತ್ತದೆ. ಗಾಬರಿಯಲ್ಲಿ ನೀವು ಮೊದಲೇ ವೇಗವಾಗಿ ಉಸಿರಾಡುತ್ತಿರುತ್ತೀರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ, ಕಣ್ಣು ತೆರೆದೇ ಇರಲಿ. ಎರಡು ಮೂರು ನಿಮಿಷ ಸಾಕು.

ಹೀಗೆಲ್ಲ ಮಾಡಿದ ಕೂಡಲೇ ಗಾಜು ಒಡೆದುಹೋಗುತ್ತದೆ ಎಂದು ಕಾಯಬೇಡಿ. ಇವುಗಳ ಕೆಲಸ ಗಾಬರಿಯನ್ನು ಇಳಿಸುವುದು. ಗಾಜು ತನ್ನ ಹೊತ್ತಿಗೆ ತಾನು ಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ಬಂದಿದೆಯೇ ಹೋಗಿದೆಯೇ ಎಂದು ಇಣುಕುವುದನ್ನು ನಿಲ್ಲಿಸಿ

ಒಂದೇ ಹೆಜ್ಜೆಯನ್ನು ಓದುವಷ್ಟು ತಾಳ್ಮೆ ನಿಮ್ಮಲ್ಲಿದ್ದರೆ ಇದನ್ನು ಓದಿ. ನನ್ನ ಹತ್ತು ತಿಂಗಳಲ್ಲಿ ಎಂಟನ್ನು ನಾನೇ ಕೈಯಾರೆ ಬೆಳೆಸಿಕೊಂಡೆ.

ಎದ್ದ ಕೂಡಲೇ ಮೊದಲ ಯೋಚನೆ: ಇವತ್ತು ಇದೆಯೇ? ನೋಡಿದರೆ ಇರುತ್ತಿತ್ತು. ಹಲ್ಲುಜ್ಜುವಾಗ ಕನ್ನಡಿಯಲ್ಲಿ ಮುಖವನ್ನು ದಿಟ್ಟಿಸುತ್ತಿದ್ದೆ: ಇದು ನಾನೇ ತಾನೆ? ದಿಟ್ಟಿಸಿದಷ್ಟೂ ಮುಖ ಅಪರಿಚಿತವಾಗುತ್ತಿತ್ತು. ಇದರಲ್ಲಿ ವಿಚಿತ್ರವೇನೂ ಇರಲಿಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಇಟಲಿಯ ಮನೋವಿಜ್ಞಾನಿ ಕಾಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತರೇ ಮಂದ ಬೆಳಕಿನಲ್ಲಿ ಹತ್ತು ನಿಮಿಷ ಕನ್ನಡಿ ನೋಡಿ, ತಮ್ಮ ಮುಖ ವಿಕಾರವಾಗುವುದನ್ನೂ ಅಲ್ಲಿ ಬೇರೆಯವರ ಮುಖ ಮೂಡುವುದನ್ನೂ ಕಂಡರು. ನಂಬಿಕೆ ಬಾರದಿದ್ದರೆ ‘ಚಮಚ’ ಎಂಬ ಪದವನ್ನು ಬಾಯಿಬಿಟ್ಟು ಐವತ್ತು ಸಲ ಹೇಳಿ. ಮೂವತ್ತನೆಯದರ ಹೊತ್ತಿಗೆ ಅದು ಬರೀ ಸದ್ದಾಗಿರುತ್ತದೆ. ಅದಕ್ಕಾಗಿ ಚಮಚದ ಬಗ್ಗೆ ಯಾರೂ ಚಿಂತೆಗೆ ಬೀಳುವುದಿಲ್ಲ. ‘ನಾನು’ ಎಂಬ ಪದವನ್ನು ದಿನಕ್ಕೆ ಸಾವಿರ ಸಲ ತಿರುಗಿಸಿ ಮುರುಗಿಸಿ ನೋಡಿದರೆ ಅದಕ್ಕೂ ಅದೇ ಗತಿ.

ಹಾಗಾಗಿ ಇಣುಕುವುದು ಪರೀಕ್ಷೆಯಲ್ಲ, ಅದೇ ಕಾಯಿಲೆಯ ಆಹಾರ. ಅನುಭವ ಬರುತ್ತದೆ, ಹುಚ್ಚೇನೋ ಎಂಬ ಭಯ ಹುಟ್ಟುತ್ತದೆ, ಭಯದಿಂದ ಒಳಗೆ ಇಣುಕುತ್ತೀರಿ, ಇಣುಕಿದ್ದರಿಂದ ಎಲ್ಲವೂ ಇನ್ನಷ್ಟು ಅಪರಿಚಿತವಾಗುತ್ತದೆ, ಭಯ ಏರುತ್ತದೆ. ಅರಿವಿನ ವರ್ತನಾ ಚಿಕಿತ್ಸೆ ಎಂದು ಕರೆಯುವ ಮಾತಿನ ಚಿಕಿತ್ಸೆ ಈ ಸುತ್ತನ್ನು ತುಂಡರಿಸುವುದನ್ನೇ ಕಲಿಸುತ್ತದೆ. ಚಿಕಿತ್ಸಕರು ಸಿಗುವವರೆಗೆ ನೀವೇ ಮಾಡಬಹುದಾದದ್ದು ಇಷ್ಟು.

ಇಣುಕುವ ಜಾಗಗಳನ್ನು ಪಟ್ಟಿ ಮಾಡಿ: ಕನ್ನಡಿ, ಅಂಗೈ, ಸ್ವಂತ ಧ್ವನಿ, ಹಳೆಯ ಫೋಟೊಗಳು, ರಾತ್ರಿ ಹನ್ನೊಂದರ ಮೇಲೆ ಮೊಬೈಲಿನಲ್ಲಿ ಲಕ್ಷಣಗಳನ್ನು ಹುಡುಕುವುದು. ಈ ಕೊನೆಯದನ್ನು ಇವತ್ತೇ ಬಿಡಿ. ಉಳಿದವನ್ನು ಬಿಡಲು ಬಲವಂತ ಬೇಡ, ಇಣುಕುತ್ತಿದ್ದೀರಿ ಎಂದು ಗೊತ್ತಾದಾಗ ‘ಆಯಿತು, ಇದೆ’ ಎಂದುಕೊಂಡು ಕೈಯಲ್ಲಿದ್ದ ಕೆಲಸಕ್ಕೆ ಹಿಂದಿರುಗಿ. ದಿನಕ್ಕೆ ಇನ್ನೂರು ಸಲ ಹಿಂದಿರುಗಬೇಕಾದೀತು, ಮೊದಲ ವಾರ ಅಷ್ಟೇ.

ದಿನಚರಿ ಬರೆಯುವ ಅಭ್ಯಾಸವಿದ್ದರೆ ‘ಇವತ್ತು ಎಷ್ಟಿತ್ತು’ ಎಂದು ಅಂಕ ಹಾಕಬೇಡಿ. ಏನು ಮಾಡಿದಿರಿ, ಏನು ತಿಂದಿರಿ, ಯಾರ ಜೊತೆ ಮಾತನಾಡಿದಿರಿ ಎಂದು ಬರೆಯಿರಿ. ಈ ಕಾಯಿಲೆಗೆ ಹೆಸರು ಬಂದದ್ದೇ ತನ್ನೊಳಗನ್ನು ದಿನವೂ ಕೆದಕಿ ಬರೆಯುತ್ತಿದ್ದವನೊಬ್ಬನ ದಿನಚರಿಯಿಂದ ಎಂಬುದನ್ನು ಮರೆಯಬೇಡಿ.

ಗಾಜಿನ ಹಿಂದಿದ್ದೇ ಬದುಕನ್ನು ನಡೆಸಿ. ಮದುವೆ ಮನೆ, ಸಂತೆ, ಝಗಮಗಿಸುವ ಮಾಲ್‌ಗಳಲ್ಲಿ ಇದು ಹೆಚ್ಚಾಗುತ್ತದೆಂದು ಹೋಗುವುದನ್ನು ಬಿಟ್ಟಿರುತ್ತೀರಿ. ಸಣ್ಣದರಿಂದ ಶುರು ಮಾಡಿ ಒಂದೊಂದಕ್ಕೂ ಮತ್ತೆ ಹೋಗಿ. ಆನಂದ ಆಗದಿರಬಹುದು. ಪರವಾಗಿಲ್ಲ, ಊಟ ಮಾಡಿಕೊಂಡು ಬನ್ನಿ.

ಐದನೆಯ ಹೆಜ್ಜೆ: ನಿದ್ದೆ, ಕಾಫಿ, ಗಾಂಜಾ

ರಾತ್ರಿ ಏಳೆಂಟು ಗಂಟೆ, ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವುದು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಊಟ ತಪ್ಪಿಸಬೇಡಿ, ಉಪವಾಸ ವ್ರತಗಳನ್ನು ಈ ಕೆಲವು ತಿಂಗಳು ಮುಂದೂಡಿದರೆ ಯಾವ ದೇವರೂ ಮುನಿಯುವುದಿಲ್ಲ. ದಿನಕ್ಕೆ ಅರ್ಧ ಗಂಟೆಯಾದರೂ ಬೆವರುವಂತೆ ನಡೆಯಿರಿ, ಇಯರ್‌ಫೋನ್ ಇಲ್ಲದೆ.

ಗಾಂಜಾ, ಭಂಗಿ ಎರಡನ್ನೂ ಪೂರ್ತಿ ಬಿಡಬೇಕು. ಒಮ್ಮೆ ಸೇದಿದ್ದಕ್ಕೇ ಶುರುವಾಗಿ ತಿಂಗಳುಗಟ್ಟಲೆ ಉಳಿದವರಿದ್ದಾರೆ. ‘ಶಿವನ ಪ್ರಸಾದ’ ಎಂಬ ಮಾತಿಗೆ ಮರುಳಾಗಬೇಡಿ, ವಿಷಕಂಠನಿಗೆ ಆಗಿಬಂದದ್ದು ನಮಗೆ ಆಗಿಬರಬೇಕೆಂದಿಲ್ಲ. ಸೇದಿದ್ದು ನಿಜವಾದರೆ ವೈದ್ಯರಲ್ಲಿ ಮುಚ್ಚಿಡಬೇಡಿ.

ಆರನೆಯ ಹೆಜ್ಜೆ: ಧ್ಯಾನ ಮಾಡುವವರು ಇಲ್ಲಿ ನಿಲ್ಲಿ

ಈಗ ಆ ಪಕ್ಕದ ಕೋಣೆಯವನ ಮಾತಿಗೆ ಬರೋಣ. ಅವನು ಪೂರ್ತಿ ಮೂರ್ಖನಾಗಿರಲಿಲ್ಲ. ಮೇಲ್ನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ. ಒಂದೇ ಮರದ ಮೇಲೆ ಎರಡು ಹಕ್ಕಿ, ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ ಎನ್ನುತ್ತದೆ ಮುಂಡಕ ಉಪನಿಷತ್ತು. ನಾನು ದೇಹವಲ್ಲ, ನಾನು ಮನಸ್ಸಲ್ಲ ಎಂದು ವೇದಾಂತ ಕಲಿಸುತ್ತದೆ. ತಟ್ಟೆ ಹಿಡಿದ ಕೈ ನನ್ನದಲ್ಲ ಎನಿಸಿದ ಹುಡುಗನಿಗೆ ಇದನ್ನು ಓದಿಸಿದರೆ ಅವನು ಏನೆಂದುಕೊಳ್ಳಬೇಕು? ನಾನು ಸಂಜೆಗಳಲ್ಲಿ ಕಣ್ಣು ಮುಚ್ಚಿ ‘ನಾನು ಯಾರು’ ಎಂದು ಕೇಳತೊಡಗಿದೆ. ಒಂದು ವಾರದಲ್ಲಿ ಊಟ ಸೇರದಾಯಿತು, ನಿದ್ದೆ ಹೋಯಿತು, ಅಮ್ಮನ ಕಾಗದ ಓದಿದರೆ ಅಕ್ಷರಗಳು ಮಾತ್ರ ಕಾಣುತ್ತಿದ್ದವು.

ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಒಂದು ಶ್ಲೋಕವಿದೆ. ದೇಹದಲ್ಲಿರುವ ಪುರುಷನನ್ನು, ಅಂದರೆ ಆತ್ಮನನ್ನು, ಅದು ಸಾಲಾಗಿ ಹೆಸರಿಸುತ್ತದೆ: ಉಪದ್ರಷ್ಟಾ, ಅನುಮಂತಾ, ಭರ್ತಾ, ಭೋಕ್ತಾ. ಮೊದಲ ಪದವನ್ನು ನಾವೆಲ್ಲ ‘ಸಾಕ್ಷಿ’ ಎಂದು ಓದಿ ಮುಂದೆ ಹೋಗುತ್ತೇವೆ. ಅಲ್ಲಿ ‘ಉಪ’ ಎಂಬ ಉಪಸರ್ಗವಿದೆ, ಹತ್ತಿರ ಎಂದು ಅದರ ಅರ್ಥ. ಶಂಕರರೂ ಭಾಷ್ಯದಲ್ಲಿ ಸಮೀಪದಲ್ಲಿದ್ದು ನೋಡುವವನು ಎಂದೇ ಬಿಡಿಸಿದ್ದಾರೆ. ಹತ್ತಿರ ಕುಳಿತು ನೋಡುವವನು, ಒಪ್ಪುವವನು, ಹೊರುವವನು, ಉಣ್ಣುವವನು. ನಾಲ್ವರೂ ಒಬ್ಬನೇ. ನನ್ನ ಸಾಕ್ಷಿ ಹತ್ತಿರ ಇರಲಿಲ್ಲ. ಬೀದಿಯಾಚೆಯ ಮಹಡಿಯಿಂದ ನೋಡುತ್ತಿದ್ದ, ಏನನ್ನೂ ಒಪ್ಪುತ್ತಿರಲಿಲ್ಲ, ಏನನ್ನೂ ಹೊರುತ್ತಿರಲಿಲ್ಲ, ಸಾರಿನ ರುಚಿ ಅವನಿಗೆ ತಿಳಿಯುತ್ತಿರಲಿಲ್ಲ.

ನಿಮ್ಮದು ಯಾವುದೆಂದು ತಿಳಿಯಲು ಇದನ್ನೇ ಹಿಡಿದು ನೋಡಬಹುದು. ನೀವು ಕೂತು ಸಾಧಿಸಿದ್ದೋ, ನಿಮ್ಮ ಮೇಲೆ ಬಂದು ಬಿದ್ದದ್ದೋ? ಬೇಕೆಂದಾಗ ಇಳಿದು ಬಂದು ಮಗುವಿನ ಜೊತೆ ಆಡಬಲ್ಲಿರಾ? ಇನ್ನೊಬ್ಬರ ನೋವಿಗೆ ಮನಸ್ಸು ಮೊದಲಿಗಿಂತ ಹೆಚ್ಚು ಕರಗುತ್ತಿದೆಯೋ, ಕಲ್ಲಾಗಿದೆಯೋ? ಜೊತೆಗೆ ಶಾಂತಿ ಇದೆಯೋ, ಹೊಟ್ಟೆಯಲ್ಲಿ ಭಯ ಇದೆಯೋ? ಗಡಿ ಯಾವಾಗಲೂ ಸ್ಪಷ್ಟವಾಗಿರುತ್ತದೆ ಎಂದು ನಾನು ಹೇಳುವುದಿಲ್ಲ. ರಮಣ ಮಹರ್ಷಿಗಳಿಗೆ 1896ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಮದುರೆಯ ಮನೆಯಲ್ಲಿ ಸಾವಿನ ಭಯವೇ ಬಂದು ಎರಗಿತ್ತು. ಅದು ಕೂತು ಸಾಧಿಸಿದ್ದಾಗಿರಲಿಲ್ಲ. ಆದರೆ ಅದಾದ ಮೇಲೆ ಆ ಭಯ ಉಳಿಯಲಿಲ್ಲ. ಮೊದಲ ವರ್ಷಗಳಲ್ಲಿ ಮೈಮೇಲೆ ಪ್ರಜ್ಞೆಯಿಲ್ಲದಂತೆ ಕುಳಿತಿದ್ದವರು ಮುಂದೆ ತಿರುವಣ್ಣಾಮಲೆಯ ಆಶ್ರಮದಲ್ಲಿ ನಸುಕಿನಲ್ಲೇ ಎದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ನನಗೆ ಅವರ ಮಾತುಗಳಿಗಿಂತ ಆ ತರಕಾರಿಯೇ ಹೆಚ್ಚು ಪಾಠ ಹೇಳಿದೆ.

ಧ್ಯಾನದಿಂದಲೇ ಈ ತೊಂದರೆ ಬರುವುದೂ ಉಂಟು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಧ್ಯಾನಿಗಳನ್ನು ಮಾತನಾಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನಾನು’ ಎಂಬ ಭಾವ ಕಳಚಿ ಹೋಗಿ ಕಷ್ಟಪಟ್ಟವರ ವಿವರಗಳಿವೆ. ನಮ್ಮ ಹಿಂದಿನವರಿಗೆ ಇದು ಹೊಸದಾಗಿರಲಿಲ್ಲ. ಪತಂಜಲಿ ಯೋಗದ ಅಡ್ಡಿಗಳನ್ನು ಎಣಿಸುವಾಗ ವ್ಯಾಧಿ, ಸಂಶಯಗಳ ಜೊತೆಗೆ ಭ್ರಾಂತಿದರ್ಶನವನ್ನೂ ಸೇರಿಸಿ, ಇವುಗಳ ಸಂಗಡಿಗರಾಗಿ ದುಃಖ, ಮನಸ್ಸಿನ ಕುಗ್ಗು, ಮೈನಡುಕ, ಏರುಪೇರಾದ ಉಸಿರು ಬರುತ್ತವೆ ಎಂದು ಹೇಳಿದ್ದಾರೆ. ಅದ್ವೈತದ ಹಳೆಯ ಆಚಾರ್ಯ ಗೌಡಪಾದರ ಕಾರಿಕೆಯಲ್ಲಿ ಇನ್ನೂ ನೇರವಾದ ಸೂಚನೆಯಿದೆ: ಲಯದಲ್ಲಿ, ಅಂದರೆ ನಿದ್ದೆಯಂಥ ಮಂಪರಿನಲ್ಲಿ, ಮುಳುಗಿದ ಚಿತ್ತವನ್ನು ಎಚ್ಚರಿಸಬೇಕು, ಚೆದುರಿದ್ದನ್ನು ಶಾಂತಗೊಳಿಸಬೇಕು. ಎರಡಕ್ಕೂ ಒಂದೇ ಮದ್ದಲ್ಲ ಎಂದಾಯಿತು. ಈಗಾಗಲೇ ದೂರ ಸರಿದವನಿಗೆ ‘ಇನ್ನೂ ಒಳಗೆ ಹೋಗು’ ಎನ್ನುವುದು ನೆನೆದವನ ಮೇಲೆ ನೀರು ಹುಯ್ದ ಹಾಗೆ.

ಆದ್ದರಿಂದ ಈ ಸ್ಥಿತಿ ಇರುವಷ್ಟು ದಿನ ಕಣ್ಣು ಮುಚ್ಚಿ ಕೂರುವ ಧ್ಯಾನ, ಮೌನ ಶಿಬಿರ, ‘ನಾನು ಯಾರು’ ಎಂಬ ವಿಚಾರ, ಜಗತ್ತು ಮಿಥ್ಯೆ ಎಂಬ ಮನನ ಇವು ಬೇಡ. ಶಿಬಿರದಲ್ಲೇ ಶುರುವಾಗಿದ್ದರೆ ‘ತಡೆದುಕೊಳ್ಳಿ, ಇದೂ ಹೋಗುತ್ತದೆ’ ಎಂಬ ಮಾತಿಗೆ ಕಟ್ಟುಬೀಳದೆ ಎದ್ದು ಮನೆಗೆ ಬನ್ನಿ, ಬಿಸಿ ಊಟ ಮಾಡಿ, ಮಲಗಿ. ದೇವರನ್ನು ಬಿಡಬೇಕಿಲ್ಲ. ಬರಿಗಾಲಿನ ಪ್ರದಕ್ಷಿಣೆ, ನಾಲ್ಕು ಜನರ ಜೊತೆ ದನಿಯೆತ್ತಿ ಭಜನೆ, ಹೂ ಕಟ್ಟಿ ಏರಿಸುವ ಪೂಜೆ, ಅನ್ನ ಬಡಿಸುವ ಸೇವೆ: ಮೈಯನ್ನೂ ಜನರನ್ನೂ ಬಳಸುವ ಎಲ್ಲವೂ ಒಳ್ಳೆಯದೇ. ಬಸವಣ್ಣನವರು ದೇಹವನ್ನೇ ದೇಗುಲ ಎಂದದ್ದು ಈ ದಿನಗಳಿಗೆ ಹೇಳಿ ಮಾಡಿಸಿದ ಮಾತು. ವಚನಗಳನ್ನು ಓದುವವರು ಶೂನ್ಯ, ಬಯಲು ಎಂಬ ಪದಗಳನ್ನು ಸದ್ಯಕ್ಕೆ ಬದಿಗಿಟ್ಟು ಕಾಯಕದ ವಚನಗಳನ್ನು ಹಿಡಿಯಿರಿ. ಅಲ್ಲಮ ಎಲ್ಲಿಗೂ ಹೋಗುವುದಿಲ್ಲ, ಆಮೇಲೆ ಸಿಗುತ್ತಾರೆ.

ಮತ್ತೆ ಧ್ಯಾನಕ್ಕೆ ಮರಳುವುದು ಯಾವಾಗ? ಎರಡು ಮೂರು ತಿಂಗಳು ಗಾಜಿಲ್ಲದೆ ಕಳೆದ ಮೇಲೆ, ಹತ್ತು ನಿಮಿಷ, ಕಣ್ಣು ಅರೆತೆರೆದು, ಸಾಧ್ಯವಾದರೆ ತಿಳಿದವರೊಬ್ಬರ ಕಣ್ಣಳತೆಯಲ್ಲಿ. ಇದು ನಾನು ಅನುಸರಿಸಿದ ಲೆಕ್ಕ. ನಿಮಗೆ ಚಿಕಿತ್ಸಕರಿದ್ದರೆ ಅವರ ಲೆಕ್ಕವೇ ಮೇಲು.

ಮನೆಯವರಿಗೆ

‘ಎಲ್ಲ ನಿನ್ನ ಭ್ರಮೆ’ ಎನ್ನಬೇಡಿ, ಅದು ಅವರಿಗೂ ಗೊತ್ತಿದೆ, ಅದೇ ಅವರ ಸಂಕಟ. ‘ಈಗ ಹೇಗಿದೆ’ ಎಂದು ಗಂಟೆಗೊಮ್ಮೆ ಕೇಳಬೇಡಿ. ನೀವು ಕೇಳಿದಾಗಲೆಲ್ಲ ಅವರು ಇಣುಕಿ ನೋಡಬೇಕಾಗುತ್ತದೆ. ಪ್ರೀತಿ ತೋರಿಸುತ್ತಿಲ್ಲ ಎಂದು ನೊಂದುಕೊಳ್ಳಬೇಡಿ, ಇದ್ದ ಪ್ರೀತಿ ಇದ್ದಲ್ಲೇ ಇದೆ, ಅವರ ಕೈಗೆ ಎಟುಕುತ್ತಿಲ್ಲ. ದೃಷ್ಟಿ ತೆಗೆಯಬೇಕೆನಿಸಿದರೆ ತೆಗೆಯಿರಿ. ಆದರೆ ಹೊಡೆಯುವ, ಹೊಗೆ ಹಾಕುವ, ಉಪವಾಸ ಕೆಡಹುವ, ಔಷಧಿ ನಿಲ್ಲಿಸುವ ಯಾರ ಬಳಿಗೂ ಕರೆದೊಯ್ಯಬೇಡಿ. ಕೈಗೆ ಒಂದು ಕೆಲಸ ಕೊಟ್ಟು ಪಕ್ಕದಲ್ಲಿ ಕುಳಿತು ಊರಿನ ಸುದ್ದಿ ಹೇಳಿ.

ನನ್ನ ಅಜ್ಜಿ ಯಾವ ವೈದ್ಯರಿಂದಲೂ ಕೇಳದೆ ಮಾಡಿದ್ದು ಇದನ್ನೇ. 1995ರ ಸಂಕ್ರಾಂತಿಗೆ ಮಾಗಡಿ ಕಡೆಯ ಅವರ ಹಳ್ಳಿಗೆ ಹೋಗಿದ್ದೆ. ಸೊಗಡಿನ ಅವರೆಕಾಯಿಯ ಕಾಲ. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಒಂದು ದೊಡ್ಡ ಪಾತ್ರೆಯನ್ನು ನನ್ನ ಮುಂದೆ ತಳ್ಳಿ, “ಹಿದುಕಪ್ಪಾ, ನನ್ನ ಬೆರಳು ನೋಯುತ್ತದೆ” ಎಂದರು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಐದು ದಿನ, ದಿನಕ್ಕೆ ಒಂದೆರಡು ಗಂಟೆ. ಅಜ್ಜಿ ಪಕ್ಕದ ಹೊಲದ ಬದುವಿನ ಜಗಳವನ್ನು ಮೂರು ತಲೆಮಾರಿನ ಹಿಂದಿನಿಂದ ವಿವರಿಸುತ್ತಿದ್ದರು. ಆ ಜಗಳದಲ್ಲಿ ತಪ್ಪು ನಮ್ಮವರದೇ ಎಂದು ನಾನು ವಾದಕ್ಕಿಳಿದೆ, ಅವರು ಸಿಟ್ಟಾದರು.

ಐದನೆಯ ದಿನ ಮಧ್ಯಾಹ್ನ ಸಾರು ಬಡಿಸುತ್ತಾ, “ಉಪ್ಪು ನೋಡು” ಎಂದರು. ಒಂದು ಗುಟುಕು ಕುಡಿದು “ಇನ್ನೊಂದು ಚಿಟಿಕೆ ಬೇಕಜ್ಜಿ” ಎಂದೆ. ಎಷ್ಟೋ ಹೊತ್ತಿನಿಂದ ಒಳಗೆ ಇಣುಕಿಯೇ ಇಲ್ಲ ಎಂದು ಹೊಳೆದದ್ದು ಆಮೇಲೆ, ಹಿತ್ತಲಲ್ಲಿ ಕೈ ತೊಳೆಯುವಾಗ. ಎರಡು ಸಲ ಸೋಪು ಹಚ್ಚಿ ತೊಳೆದರೂ ಬೆರಳಿನಿಂದ ಅವರೆಯ ಸೊಗಡು ಹೋಗಿರಲಿಲ್ಲ. ಮರುವಾರ ಮೈಸೂರಿಗೆ ಬಂದ ಮೇಲೆ ಗಾಜು ಎರಡು ದಿನ ಮತ್ತೆ ಬಂತು. ಬಂದಿತ್ತು, ಹೋಯಿತು.